ಬ್ರೋಕನ್ ಕಲರ್: ನೆರಳಿನಲ್ಲಿ ಬಣ್ಣಗಳು ಒಂದಾಗಿ ಕಾಣುತ್ತಿಲ್ಲ, ಏನು ಮಾಡಲಿ?

ಕುಂಚಪ್ರಿಯ
ಆಯಿಲ್ ಪೇಂಟಿಂಗ್‌ನಲ್ಲಿ ಬ್ರೋಕನ್ ಕಲರ್ ಕಲಿಯುತ್ತಿದ್ದೇನೆ. ಬಣ್ಣಗಳನ್ನು ಪ್ಯಾಲೆಟ್ ಮೇಲೆ ಪೂರ್ತಿ ಕಲಸದೆ, ಸಣ್ಣ ಸಣ್ಣ ಗೀರುಗಳಾಗಿ ಪಕ್ಕಪಕ್ಕ ಇಡುತ್ತಾರಲ್ಲ, ಅದು. ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯ ಬಣವೆ ಚಿತ್ರಗಳಲ್ಲಿ (1890-91) ನೆರಳಿನೊಳಗೆ ನೀಲಿ, ನೇರಳೆ, ಕೆಂಪು ಎಲ್ಲ ಇದ್ದರೂ ದೂರದಿಂದ ಒಂದೇ ನೆರಳು. ನಾನು ಇಟ್ಟರೆ ದೂರ ನಿಂತರೂ ಚುಕ್ಕೆ ಚುಕ್ಕೆ. ಕೆಲವು ಕಡೆ ಕೆಸರಿನ ಬಣ್ಣ ಬೇರೆ. ಯಾಕೆ?

ನೀಲಿನೆರಳು
ಚುಕ್ಕೆ ಕಾಣುವುದಕ್ಕೆ ಹೆಚ್ಚಾಗಿ ಒಂದೇ ಕಾರಣ. ಬಣ್ಣ ಬದಲಾಯಿಸುವಾಗ ತಿಳಿ-ಗಾಢವೂ ಬದಲಾಗಿರುತ್ತದೆ. ನೆರಳಿನಲ್ಲಿ ಎಷ್ಟು ಬಣ್ಣ ಬೇಕಾದರೂ ಇಡಿ, ಆದರೆ ಎಲ್ಲವೂ ಒಂದೇ ಮಟ್ಟಕ್ಕೆ ಗಾಢ ಇರಲಿ. ಅಲ್ಟ್ರಾಮರೀನ್ ನೀಲಿ ಟ್ಯೂಬಿನಿಂದ ಬಂದ ಹಾಗೇ ತುಂಬಾ ಗಾಢ, ಅದರ ಪಕ್ಕ ಕ್ಯಾಡ್ಮಿಯಂ ಕೆಂಪು ಇಟ್ಟರೆ ಎದ್ದು ಕಾಣದೆ ಇರುತ್ತದಾ? ನೀಲಿಗೆ ಚೂರು ಬಿಳಿ ಸೇರಿಸಿ, ಕೆಂಪನ್ನು ಅಲಿಝರಿನ್ ಅನ್ನುವ ಗಾಢ ಕೆಂಪು ಸೇರಿಸಿ ಇಳಿಸಿ. ಕ್ಯಾನ್ವಾಸ್ ಮುಟ್ಟುವ ಮೊದಲು ಎಲ್ಲವನ್ನೂ ಗುಡ್ಡೆ ಗುಡ್ಡೆಯಾಗಿ ಕಲಸಿಟ್ಟು, ಫೋನಿನಲ್ಲಿ ಫೋಟೋ ತೆಗೆದು, ಕಪ್ಪು-ಬಿಳುಪು ಮಾಡಿ ನೋಡಿ. ಹೆಚ್ಚುಕಡಿಮೆ ಒಂದೇ ಬೂದು ಕಂಡರೆ ಶುರು ಮಾಡಿ.

ಅಗಸೆಎಣ್ಣೆ
ಕೆಸರು ಆಗುವುದು ಕೈಯಿಂದ. ಹಸಿ ಬಣ್ಣದ ಮೇಲೆ ಸುಮ್ನೆ ಸವರುತ್ತಾ ಇದ್ದರೆ ಕಲಸಿಕೊಳ್ಳಲೇಬೇಕು. ಬ್ರಶ್‌ನಲ್ಲಿ ಬಣ್ಣ ಜಾಸ್ತಿ, ಎಣ್ಣೆ ಕಡಿಮೆ. ಒಂದು ಸಲ ಇಟ್ಟು ಕೈ ತೆಗೆಯಿರಿ, ಬಟ್ಟೆಗೆ ಒರೆಸಿ, ಮುಂದಿನದು ಇಡಿ.

ಕೆಳಪದರ ಒಣಗಲು ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಗಟ್ಟಿ ಬಣ್ಣ ತೆಗೆದುಕೊಂಡು, ಬ್ರಶ್ ಮಲಗಿಸಿ ಹಗುರವಾಗಿ ಎಳೆಯಿರಿ. ಉಬ್ಬಿನ ಮೇಲೆ ಮಾತ್ರ ಹೊಸ ಬಣ್ಣ ಕೂರುತ್ತದೆ, ತಗ್ಗಿನಲ್ಲಿ ಹಳೆಯದು ಇಣುಕುತ್ತದೆ. ಫ್ರಾನ್ಸಿನ ರೂವಾನ್ ಊರಿನ ಕೆಥೆಡ್ರಲ್ (ದೊಡ್ಡ ಚರ್ಚ್) ಚಿತ್ರಗಳನ್ನು ಮೊನೆ 1892, 1893ರಲ್ಲಿ ಆ ಊರಿನಲ್ಲೇ ಬರೆದು, ತಾನು ವಾಸವಿದ್ದ ಜಿವೆರ್ನಿಯ ಸ್ಟುಡಿಯೋಗೆ ತಂದು 1894ರವರೆಗೂ ತಿದ್ದಿದ. ಆ ಕಲ್ಲಿನ ಒರಟುತನ ಬಂದಿದ್ದು ಪದರದ ಮೇಲೆ ಪದರ ಕೂತು. ಬೇಗ ಬೇಗ ಮುಗಿಸಿದ ಹಾಗೆ ಕಾಣುತ್ತದೆ ಅಷ್ಟೆ.

ಹಳದಿಹೂ
ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಯಾವ ಬಣ್ಣದ ಪಕ್ಕ ಯಾವುದು ಅನ್ನುವುದೂ ಮುಖ್ಯ ಅಲ್ವಾ? ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಾಯಿಸುತ್ತವೆ ಅಂತ 1839ರಲ್ಲೇ ಪುಸ್ತಕ ಬರೆದ. ಕೆಂಪಿನ ಪಕ್ಕ ಹಸಿರು ಇನ್ನೂ ಹಸಿರಾಗಿ ಕಾಣುತ್ತದೆ. ಅದೇ ಕೆಂಪು-ಹಸಿರನ್ನು ತೀರಾ ಸಣ್ಣ ಚುಕ್ಕೆ ಮಾಡಿದರೆ ದೂರದಿಂದ ಮಂಕು ಬಣ್ಣ. ಹಾಗಾಗಿ ನೀಲಿ-ನೇರಳೆ ಥರದ ನೆರೆಯ ಬಣ್ಣಗಳನ್ನು ಸಣ್ಣದಾಗಿ ಒಡೆಯಿರಿ, ವಿರುದ್ಧ ಬಣ್ಣ ಬೇಕಾದರೆ ಸ್ವಲ್ಪ ದೊಡ್ಡ ಗೀರಾಗಿ, ಅಪರೂಪಕ್ಕೆ ಇಡಿ.

ಕುಂಚಪ್ರಿಯ
ಕೆಳಪದರ ಬೇಗ ಒಣಗಲಿ ಅಂತ ಅಕ್ರಿಲಿಕ್ ಹಾಕಬಹುದಾ?

ಅಗಸೆಎಣ್ಣೆ
ಧಾರಾಳವಾಗಿ. ತೆಳ್ಳಗೆ ಹಾಕಿ, ಪೂರ್ತಿ ಒಣಗಿದ ಮೇಲೆ ಆಯಿಲ್ ಶುರು ಮಾಡಿ. ಆಯಿಲ್ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಹಿಡಿದುಕೊಳ್ಳುವುದಿಲ್ಲ. ಗದ್ದೆ, ಮರ ಇರುವ ಚಿತ್ರವಾದರೆ ಬರ್ಂಟ್ ಸಿಯೆನಾ ಹಾಕಿ ನೋಡಿ. ಗೀರುಗಳ ಸಂದಿಯಲ್ಲಿ ಆ ಕೆಂಪುಗಂದು ಇಣುಕಿದರೆ ಹಸಿರಿಗೆ ಜೀವ ಬರುತ್ತದೆ.