ಟಾಹೋ ಸರೋವರ: ಶುದ್ಧೀಕರಿಸಿದ ನೀರನ್ನೂ ಬೆಟ್ಟ ದಾಟಿಸುವುದೇಕೆ?

ಪ್ರಶ್ನೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಟಾಹೋ ಸರೋವರವನ್ನು ಕಂಡವರೇ ಆಗಿರುವುದರಿಂದ ಇದನ್ನು ಇಲ್ಲಿ ಕೇಳುತ್ತಿದ್ದೇನೆ. ದಕ್ಷಿಣ ದಡದ ಸೌತ್ ಲೇಕ್ ಟಾಹೋ ಸುಮಾರು 21 ಸಾವಿರ ಜನರ ಊರು. ಅಲ್ಲಿನ ಒಳಚರಂಡಿ ನೀರನ್ನು ಶುದ್ಧೀಕರಿಸಿದ ಮೇಲೂ ಸರೋವರಕ್ಕೆ ಬಿಡದೆ, ಪಂಪುಗಳಿಂದ ಮೇಲೆತ್ತಿ, 2,300 ಮೀಟರಿಗೂ ಎತ್ತರದಲ್ಲಿರುವ ಲೂಥರ್ ಪಾಸ್ ಎಂಬ ಬೆಟ್ಟದ ದಾರಿಯಾಚೆ ಆಲ್ಪೈನ್ ಕೌಂಟಿಗೆ ಸಾಗಿಸುತ್ತಾರೆ. ಬೆಂಗಳೂರಿನಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರನ್ನು ತೋಟಕ್ಕೂ ಶೌಚಾಲಯಕ್ಕೂ ಬಳಸುತ್ತಿದ್ದೆವು. ನೀರು ತಿಳಿಯಾಗಿದ್ದು, ವಾಸನೆಯಿಲ್ಲದೆ, ರೋಗಾಣುಗಳೂ ನಾಶವಾಗಿದ್ದರೆ ಅಷ್ಟು ದೊಡ್ಡ ಸರೋವರಕ್ಕೆ ಅದರಿಂದ ಆಗುವ ತೊಂದರೆಯಾದರೂ ಏನು? ಪಂಪುಗಳಿಗೆ ಇಷ್ಟು ವಿದ್ಯುತ್ತನ್ನು ವ್ಯಯಿಸುವ ಬದಲು ಘಟಕವನ್ನೇ ಉತ್ತಮಪಡಿಸಬಹುದಲ್ಲವೇ?

ಉತ್ತರ 1

ಸರೋವರ ದೊಡ್ಡದಾಗಿರುವುದೇ ಇಲ್ಲಿ ತೊಡಕು. ಟಾಹೋ ಗರಿಷ್ಠ 501 ಮೀಟರ್ ಆಳವಿದೆ. ಅರವತ್ತಕ್ಕೂ ಹೆಚ್ಚು ಹಳ್ಳತೊರೆಗಳು ಅದನ್ನು ಸೇರಿದರೂ ಹೊರಹರಿವು ಟ್ರಕೀ ನದಿಯೊಂದೇ. ಒಳಬಂದ ನೀರು ಸರಾಸರಿ 650 ವರ್ಷ ಅಲ್ಲೇ ಉಳಿಯುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ಹರಿಯುವ ನದಿಯಾಗಿದ್ದರೆ ತಪ್ಪು ಮಾಡಿಯೂ ತಿದ್ದಿಕೊಳ್ಳಲು ಅವಕಾಶವಿರುತ್ತಿತ್ತು, ಇಲ್ಲಿ ಅದು ಇಲ್ಲವೆಂದೇ ಹೇಳಬೇಕು.

ತಿಳಿಯಾಗಿರುವ ನೀರೆಲ್ಲ ಪೋಷಕಾಂಶ ಕಳೆದ ನೀರಲ್ಲ. ಸಾಮಾನ್ಯ ಘಟಕದಲ್ಲಿ ಗಾಳಿಯೂದಿ, ಬ್ಯಾಕ್ಟೀರಿಯಾಗಳಿಂದ ಕೊಳೆಯನ್ನು ತಿನ್ನಿಸಿ, ಗಸಿಯನ್ನು ತಳಕ್ಕಿಳಿಸಿದ ಮೇಲೂ ಪ್ರತಿ ಲೀಟರಿನಲ್ಲಿ ಕೆಲವು ಮಿಲಿಗ್ರಾಂ ರಂಜಕವೂ (ಫಾಸ್ಫರಸ್) ಅದಕ್ಕಿಂತ ಹೆಚ್ಚು ಸಾರಜನಕವೂ ಕರಗಿಯೇ ಉಳಿದಿರುತ್ತವೆ. ನಿಮ್ಮ ತೋಟದ ಗಿಡಗಳಿಗೆ ಅದು ಗೊಬ್ಬರ, ಸರೋವರದಲ್ಲಿ ಅದೇ ಪಾಚಿಯ ಆಹಾರ. ಟಾಹೋ ನೀರಿನಲ್ಲಿ ರಂಜಕವಿರುವುದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ, ಅಂದರೆ ಸುಮಾರು ಸಾವಿರದಲ್ಲೊಂದು ಪಾಲು. ಪಾಚಿ ಬೆಳೆಯದೆ ಸರೋವರ ನೀಲಿಯಾಗಿ ಉಳಿದಿರುವುದು ಈ ಬಡತನದಿಂದಲೇ. ಮೊದಲು ಅಲ್ಲಿನ ಪಾಚಿಯ ಬೆಳವಣಿಗೆಗೆ ಮುಖ್ಯವಾಗಿ ಸಾರಜನಕದ ಕೊರತೆಯೇ ತಡೆಯಾಗಿತ್ತು. ಗಾಳಿಯಿಂದ ಬಂದು ಬೀಳುವ ಸಾರಜನಕ ಹೆಚ್ಚಿದಂತೆ ರಂಜಕದ ಕೊರತೆಯ ಪಾತ್ರ ಹಿರಿದಾಯಿತು. ಆದ್ದರಿಂದ ಎರಡರಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟರೆ ಸಾಲದು.

ಉತ್ತರ 2

ಘಟಕವನ್ನು ಉತ್ತಮಪಡಿಸುವ ಪ್ರಯತ್ನವೂ ಅಲ್ಲಿಯೇ ನಡೆದಿತ್ತು, ಅದೂ ಜಗತ್ತೇ ನೋಡಲು ಬರುವಷ್ಟು ಶ್ರದ್ಧೆಯಿಂದ. 1960ರ ದಶಕದಲ್ಲಿ ಸೌತ್ ಟಾಹೋ ಘಟಕವು ಸುಣ್ಣ ಬೆರೆಸಿ ರಂಜಕವನ್ನು ಗಸಿಯಾಗಿ ಇಳಿಸುತ್ತಿತ್ತು, ಉಳಿದದ್ದನ್ನು ಸೋಸುಗಗಳ ಮೂಲಕವೂ ಇದ್ದಿಲಿನ ಪದರಗಳ ಮೂಲಕವೂ ಹಾಯಿಸುತ್ತಿತ್ತು. ಸೋತದ್ದು ಸಾರಜನಕದ ವಿಷಯದಲ್ಲಿ. ಸುಣ್ಣದಿಂದ ಕ್ಷಾರೀಯವಾದ ನೀರನ್ನು ಎತ್ತರದ ಗೋಪುರದಿಂದ ಹನಿಹನಿಯಾಗಿ ಇಳಿಸಿ, ಗಾಳಿ ಬೀಸಿ, ಸಾರಜನಕವಿರುವ ಅಮೋನಿಯಾವನ್ನು ಹಾರಿಸಿಬಿಡುವುದು ಯೋಜನೆಯಾಗಿತ್ತು. ಆದರೆ ತಣ್ಣೀರು ಅಮೋನಿಯಾವನ್ನು ಸುಲಭವಾಗಿ ಬಿಡುವುದಿಲ್ಲ. ಚಳಿಗಾಲದಲ್ಲಿ ಗೋಪುರ ಹೆಪ್ಪುಗಟ್ಟುತ್ತಿತ್ತು, ಉಳಿದ ಕಾಲದಲ್ಲಿ ಸುಣ್ಣದ ಪೊರೆ ಕಟ್ಟುತ್ತಿತ್ತು. ಜೊತೆಗೆ, ಪ್ರವಾಸಿಗರು ನೆರೆಯುವ ವಾರಾಂತ್ಯಗಳಲ್ಲಿ ಊರಿನ ಕೊಳಚೆ ಒಮ್ಮೆಲೇ ಏರುತ್ತದೆ. ಯಾವ ಘಟಕವೂ ವರ್ಷದ ಪ್ರತಿ ದಿನವೂ ತಪ್ಪದೆ ಕೆಲಸ ಮಾಡುತ್ತದೆಂದು ನಂಬಿ ಇಂಥ ಸರೋವರವನ್ನು ಪಣಕ್ಕಿಡಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1968ರಿಂದ ನೀರು ಬೆಟ್ಟ ದಾಟತೊಡಗಿತು. 1969ರ ಕ್ಯಾಲಿಫೋರ್ನಿಯಾ ಜಲ ಕಾಯಿದೆಯು ತನ್ನ ರಾಜ್ಯದ ಭಾಗದ (ಸರೋವರದ ಉಳಿದ ಭಾಗ ನೆವಾಡಾ ರಾಜ್ಯದಲ್ಲಿದೆ) ಇಡೀ ಜಲಾನಯನಕ್ಕೆ ಇದನ್ನೇ ಕಡ್ಡಾಯ ಮಾಡಿತು. ಉತ್ತರ ಮತ್ತು ಪಶ್ಚಿಮ ದಡದ ಊರುಗಳ ಕೊಳಚೆ ಟ್ರಕೀ ನದಿಯ ಕಣಿವೆಗುಂಟ ಇಳಿದು ಟ್ರಕೀ ಪಟ್ಟಣದ ಬಳಿಯ ಘಟಕವನ್ನು ಸೇರುತ್ತದೆ. ಏರು ದಾರಿ ದಕ್ಷಿಣದವರ ಪಾಲಿಗೆ ಬಂತು. ಫ್ರಾನ್ಸಿನ ಆನ್ಸಿ ಸರೋವರದ ಸುತ್ತಲಿನ ಊರುಗಳು 1957ರಲ್ಲೇ ಒಕ್ಕೂಟ ಕಟ್ಟಿಕೊಂಡು, ದಡದುದ್ದಕ್ಕೂ ಕೊಳವೆ ಹಾಕಿ, ಕೊಳಚೆಯನ್ನು ಸರೋವರಕ್ಕೆ ಬಿಡದೆ ಅದರ ಹೊರಹರಿವಿನಾಚೆಗೆ ಒಯ್ಯಲು ಮುಂದಾಗಿದ್ದವು.

ಪ್ರಶ್ನೆ ಕೇಳಿದವರು

ವಿವರವಾಗಿ ತಿಳಿಸಿದ ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಇಷ್ಟರಿಂದ ಸರೋವರದ ಪಾರದರ್ಶಕತೆ ಉಳಿಯಿತೇ?

ಉತ್ತರ 3

ಪೂರ್ತಿಯಾಗಿ ಉಳಿಯಲಿಲ್ಲ. ನೀರಿನಲ್ಲಿ ಇಳಿಬಿಟ್ಟ ಬಿಳಿಯ ಸೆಕ್ಕಿ ತಟ್ಟೆ 1968ರಲ್ಲಿ ಸರಾಸರಿ 31 ಮೀಟರ್ ಆಳದವರೆಗೆ ಕಾಣುತ್ತಿತ್ತು; ಈಚಿನ ವರ್ಷಗಳಲ್ಲಿ ಅದು 20 ಮೀಟರಿನ ಆಸುಪಾಸಿನಲ್ಲಿದೆ. ರಸ್ತೆ ಮತ್ತು ಕಟ್ಟಡಗಳಿಂದ ಮಳೆನೀರಿನೊಡನೆ ಕೊಚ್ಚಿಬರುವ, 16 ಮೈಕ್ರಾನಿಗಿಂತ ಸಣ್ಣದಾದ ದೂಳಿನ ಕಣಗಳು ಇದಕ್ಕೆ ಮುಖ್ಯ ಕಾರಣವೆಂದು ಆಮೇಲೆ ಸ್ಪಷ್ಟವಾಯಿತು. ಒಳಚರಂಡಿಯ ಕೊಳವೆ ಅದನ್ನು ತಡೆಯಲಾರದು. ಆದರೂ ಕೊಳಚೆಯ ಪೋಷಕಾಂಶಗಳೂ ಇದರೊಡನೆ ಸೇರಿದ್ದರೆ ಸರೋವರ ಹಸಿರಾಗುತ್ತಿತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಬೆಟ್ಟ ದಾಟಿದ ನೀರು ಮೊದಲು ಸೇರುತ್ತಿದ್ದ ಇಂಡಿಯನ್ ಕ್ರೀಕ್ ಜಲಾಶಯದಲ್ಲಿಯೇ ಮುಂದೆ ರಂಜಕ ಹೆಚ್ಚಿ ಪಾಚಿಯ ಸಮಸ್ಯೆ ಉಂಟಾಯಿತು. 1989ರಲ್ಲಿ ಹಾರ್ವೆ ಪ್ಲೇಸ್ ಜಲಾಶಯ ಸಿದ್ಧವಾದ ಮೇಲೆ ನೀರನ್ನು ಅಲ್ಲಿ ಸಂಗ್ರಹಿಸಿ, ಬೇಸಿಗೆಯಲ್ಲಿ ಆಲ್ಪೈನ್ ಕೌಂಟಿಯ ರೈತರ ಹುಲ್ಲುಗಾವಲುಗಳಿಗೆ ಹಾಯಿಸುತ್ತಿದ್ದಾರೆ. ಸರೋವರದಲ್ಲಿ ಪಾಚಿ ಬೆಳೆಸುತ್ತಿದ್ದ ಅದೇ ರಂಜಕ, ಸಾರಜನಕಗಳು ಅಲ್ಲಿ ಮೇವಿಗೆ ಗೊಬ್ಬರವಾಗುತ್ತಿವೆ.