ತುಟಿ ಊತ ಇಳಿಯುತ್ತಿಲ್ಲ, ಬಯಾಪ್ಸಿಯಲ್ಲಿ ಗ್ರಾನ್ಯುಲೋಮ ಅಂತ ಬಂದಿದೆ. ಮುಂದೇನು?

ಹೇಮಾವತಿ_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಂಗಿಗೆ 26 ವರ್ಷ. ಮೇಲ್ದುಟಿ ಆಗಾಗ ಊದಿಕೊಂಡು ವಾರದೊಳಗೆ ಇಳಿಯುತ್ತಿತ್ತು. ಹುಳ ಮುಟ್ಟಿರಬೇಕು ಅಂತ ಮನೆಯಲ್ಲಿ, ಅಲರ್ಜಿ ಅಂತ ಕ್ಲಿನಿಕ್‌ನಲ್ಲಿ. ಸೆಟ್ರಿಜಿನ್ ಕೊಟ್ಟರು, ಗುಣ ಕಾಣಲಿಲ್ಲ. ಈಗ ಊತ ಪೂರ್ತಿ ಇಳಿಯುವುದೇ ಇಲ್ಲ, ಮುಟ್ಟಿದರೆ ರಬ್ಬರಿನ ಹಾಗೆ ಗಟ್ಟಿ. ನೋವಿಲ್ಲ, ತುರಿಕೆಯಿಲ್ಲ. ನಾಲಗೆಯ ಮೇಲೆ ಚಿಕ್ಕಂದಿನಿಂದಲೂ ಬಿರುಕುಗಳಿವೆ. ಹಿಂದೊಮ್ಮೆ ಬಲಗಡೆ ಮುಖಕ್ಕೆ ಲಕ್ವ ಹೊಡೆದು ವಾಸಿಯಾಗಿತ್ತು. ಬಯಾಪ್ಸಿ ವರದಿಯಲ್ಲಿ "ನಾನ್-ಕೇಸಿಯೇಟಿಂಗ್ ಗ್ರಾನ್ಯುಲೋಮ, ಗ್ರಾನ್ಯುಲೋಮಾಟಸ್ ಚೀಲೈಟಿಸ್" ಅಂತ ಇದೆ, ಅಂದರೆ ಉರಿಯೂತದ ಕಣಗಳು ಗುಂಪುಗಟ್ಟಿದ (ಒಳಗೆ ಕೊಳೆಯದ) ಸಣ್ಣ ಗಂಟುಗಳಿಂದ ತುಟಿ ಊದಿರುವುದು. ಮೆಲ್ಕರ್ಸನ್-ರೊಸೆಂತಾಲ್ ಸಿಂಡ್ರೋಮ್ ಇರಬಹುದು ಅಂದಿದ್ದಾರೆ.

ಇನ್ನೂ ಯಾವ ಪರೀಕ್ಷೆ ಬೇಕು? ಊಟದಲ್ಲಿ ಪಥ್ಯ ಮಾಡಿದರೆ ಉಪಯೋಗ ಇದೆಯಾ? ತುಟಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀವಿ ಅಂತಿದ್ದಾರೆ, ಒಪ್ಪಿಕೊಳ್ಳಬಹುದಾ? ಲಕ್ವ ಮತ್ತೆ ಬರುತ್ತಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ದಂತವೈದ್ಯೆ_ದಾವಣಗೆರೆ

ಮುಖದ ಲಕ್ವ, ಊತ ಎರಡೂ ಒಟ್ಟಿಗೆ ಬರುವುದನ್ನು 1928ರಲ್ಲಿ ಸ್ವೀಡನ್ನಿನ ಮೆಲ್ಕರ್ಸನ್ ಬರೆದರು. 1931ರಲ್ಲಿ ಜರ್ಮನಿಯ ರೊಸೆಂತಾಲ್ ಅದಕ್ಕೆ ಬಿರುಕು ನಾಲಗೆಯನ್ನು ಸೇರಿಸಿದರು. ಮೂರೂ ಒಬ್ಬರಲ್ಲೇ ಕಾಣುವುದು ಕಡಿಮೆ, ನಿಮ್ಮ ತಂಗಿಯಲ್ಲಿ ಮೂರೂ ಇರುವ ಹಾಗೆ ಕಾಣುತ್ತದೆ. ಆದರೆ ಬಿರುಕು ನಾಲಗೆ ಆರೋಗ್ಯವಂತರಲ್ಲೂ ಸಾಕಷ್ಟು ಇರುತ್ತದೆ, ಅದೊಂದನ್ನೇ ಹಿಡಿದು ರೋಗ ತೀರ್ಮಾನಿಸಲಾಗದು.

ನಾನು ಒತ್ತಿ ಹೇಳುವ ಮಾತು ಒಂದೇ. ಬಯಾಪ್ಸಿಯ ಗ್ರಾನ್ಯುಲೋಮ ಅರ್ಧ ಉತ್ತರ ಮಾತ್ರ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆ, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದೆಡೆ ಇಂಥದ್ದೇ ಗಂಟು ಕಟ್ಟುವ ಕಾಯಿಲೆ), ಕ್ಷಯ, ಕುಷ್ಠ, ಇವೆಲ್ಲ ತುಟಿಯಲ್ಲಿ ಇದೇ ಚಿತ್ರ ಕೊಡಬಲ್ಲವು. ಇವು ಇಲ್ಲ ಅಂತ ಖಚಿತವಾದ ಮೇಲೇ ಮೆಲ್ಕರ್ಸನ್ ಹೆಸರು ಉಳಿಯಬೇಕು.

ನಮ್ಮಲ್ಲಿ ಮೊದಲ ಅನುಮಾನ ಕ್ಷಯದ ಮೇಲೆ. ಬಯಾಪ್ಸಿ ತುಂಡಿಗೆ ಆ್ಯಸಿಡ್-ಫಾಸ್ಟ್ ಸ್ಟೇನ್ (ಕ್ಷಯದ ರೋಗಾಣು ಕಾಣುವಂತೆ ಬಣ್ಣ ಹಾಕುವುದು) ಮಾಡಿದ್ದಾರಾ ಅಂತ ವರದಿಯಲ್ಲಿ ಹುಡುಕಿ. ಬರೆದಿಲ್ಲದಿದ್ದರೆ ಲ್ಯಾಬಿಗೆ ಹೋಗಿ ಕೇಳಿ. ಆ ತುಂಡನ್ನು ಹುದುಗಿಸಿದ ಮೇಣದ ಬ್ಲಾಕ್ ಅಲ್ಲೇ ಇಟ್ಟಿರುತ್ತಾರೆ, ಮತ್ತೆ ತುಟಿ ಕೊಯ್ಯದೆ ಅದರಿಂದಲೇ ಹೊಸ ಸ್ಲೈಡ್ ಮಾಡಿಸಬಹುದು. ಜೊತೆಗೆ ಎದೆಯ ಎಕ್ಸ್-ರೇ, ಕ್ಷಯದ ಸೋಂಕಿಗೆ ಮಾಂಟೂ (ಚರ್ಮಕ್ಕೆ ಚುಚ್ಚುವುದು) ಅಥವಾ ಇಗ್ರಾ (ರಕ್ತದ್ದು) ಪರೀಕ್ಷೆ. ಮಾಂಟೂ ಪಾಸಿಟಿವ್ ಬಂದ ಮಾತ್ರಕ್ಕೆ ತುಟಿಯ ಊತ ಕ್ಷಯವೇ ಅಂತ ಆಗುವುದಿಲ್ಲ. ನಮ್ಮ ದೇಶದಲ್ಲಿ ಸುಪ್ತ ಸೋಂಕು ಇರುವವರು ಬಹಳ. ಅದೊಂದರ ಮೇಲೆ ಆರು ತಿಂಗಳ ಕ್ಷಯದ ಮಾತ್ರೆ ಶುರು ಮಾಡಿದರೆ ಅಷ್ಟು ಕಾಲ ಸರಿಯಾದ ಚಿಕಿತ್ಸೆ ತಪ್ಪಿಹೋಗುತ್ತದೆ. ಕ್ಷಯ ಇದ್ದೂ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡುತ್ತದೆ. ಎರಡು ತಪ್ಪೂ ದುಬಾರಿ.

ಕರುಳಿಗೆ, ಅಲ್ಲಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನಿರಾಳ, 250 ದಾಟಿದರೆ ಗ್ಯಾಸ್ಟ್ರೋ ತಜ್ಞರ ಹತ್ತಿರ ಕೊಲೊನೋಸ್ಕೋಪಿಯ ಮಾತು ಬರುತ್ತದೆ. ಪರೀಕ್ಷೆಗೆ ಮುಂಚಿನ ಎರಡು ವಾರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತೆಗೆದುಕೊಂಡಿರಬಾರದು, ಅವು ಸಂಖ್ಯೆಯನ್ನು ಸುಳ್ಳೇ ಏರಿಸುತ್ತವೆ. ಪದೇ ಪದೇ ಭೇದಿ, ಹೊಟ್ಟೆನೋವು, ತೂಕ ಇಳಿಯುವುದು, ಗುದದ ಹತ್ತಿರ ಗುಳ್ಳೆ ಅಥವಾ ಸೀಳು ಇದ್ದರೆ ನಾಚಿಕೆಪಡದೆ ಹೇಳಲಿ. ಬಾಯಿಯೊಳಗೆ, ತುಟಿ-ವಸಡಿನ ನಡುವಿನ ಸಂದಿಯಲ್ಲಿ ಉದ್ದುದ್ದ ಗೀರಿನಂಥ ಹುಣ್ಣು, ಕೆನ್ನೆಯ ಒಳಭಾಗದಲ್ಲಿ ಉಬ್ಬುತಗ್ಗು ಕಂಡರೆ ಕ್ರೋನ್ಸ್ ಅನುಮಾನ ಬಲವಾಗುತ್ತದೆ. ಮಕ್ಕಳಲ್ಲಿ ಈ ತುಟಿ ಊತ ಬಂದರೆ ಕರುಳನ್ನು ಇನ್ನೂ ಹೆಚ್ಚು ಗಮನಿಸಬೇಕು. ಕೆಲವರಲ್ಲಿ ತುಟಿ ಮೊದಲು, ಕರುಳು ವರ್ಷಗಳ ಮೇಲೆ. ಹಾಗಾಗಿ ಇವತ್ತು ಸರಿಯಿದೆ ಅಂದರೂ ಮುಂದೆ ಹೊಟ್ಟೆಯ ಲಕ್ಷಣ ಬಂದಾಗ ಈ ಹಳೇ ವರದಿ ತೋರಿಸಿ.

ರಕ್ತದಲ್ಲಿ ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಫೆರಿಟಿನ್, ಬಿ12, ಫೋಲೇಟ್ ಸಾಕು. ಹಲ್ಲಿಗೆ ಒಂದು ಓಪಿಜಿ (ಇಡೀ ದವಡೆಯ) ಎಕ್ಸ್-ರೇ. ಬೇರಿನ ತುದಿಯ ಹಳೇ ಕೀವು ತೆಗೆಸಿದ ಮೇಲೆ ತುಟಿ ಇಳಿದ ಪ್ರಕರಣಗಳು ವರದಿಯಾಗಿವೆ, ಮತ್ತು ಅದು ಹೇಗೂ ಮಾಡಿಸಬೇಕಾದ ಕೆಲಸ.

ಒಂದು ಎಚ್ಚರಿಕೆ, ಇದನ್ನು ಮನೆಯವರೆಲ್ಲ ತಿಳಿದಿರಲಿ. ಊತ ನಾಲಗೆಗೋ ಗಂಟಲಿಗೋ ಇಳಿದು ದನಿ ಬದಲಾದರೆ, ಉಸಿರು ಕಟ್ಟಿದರೆ ಅದು ಈ ಕಾಯಿಲೆಯ ನಡೆಯಲ್ಲ, ಆಂಜಿಯೊಎಡಿಮ (ಅಲರ್ಜಿ, ಮಾತ್ರೆ ಮುಂತಾದವುಗಳಿಂದ ಬರುವ ಆಳದ ಊತ) ಇರಬಹುದು. 108ಕ್ಕೆ ಕರೆ ಮಾಡಿ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ ತುಟಿ ಊದಿದರೆ ಮೊದಲು ಆ ಮಾತ್ರೆಯನ್ನೇ ಸಂಶಯಿಸಬೇಕು. ಮನೆತನದಲ್ಲಿ ಇಂಥ ಊತ ಇದ್ದರೆ ರಕ್ತದಲ್ಲಿ ಸಿ4 ಎಂಬ ಪ್ರೋಟೀನಿನ ಮಟ್ಟ ನೋಡಿಸಿ.

ಫಿಸಿಯೋ_ಹುಬ್ಬಳ್ಳಿ

ಲಕ್ವದ ಪ್ರಶ್ನೆಗಷ್ಟೇ ಉತ್ತರಿಸ್ತೀನಿ. ಹೌದು, ಮತ್ತೆ ಬರಬಹುದು, ಈ ಸಲ ಎಡಗಡೆಯೂ ಬರಬಹುದು. ಬಂದ ದಿನ ಏನು ಮಾಡಬೇಕು ಅಂತ ಈಗಲೇ ಗೊತ್ತಿರಬೇಕು.

ಮುಖ ಸೊಟ್ಟಗಾದ ತಕ್ಷಣ ಹುಬ್ಬು ಏರಿಸಿ ಹಣೆ ಸುಕ್ಕು ಮಾಡಲು ಹೇಳಿ. ಆ ಕಡೆಯ ಹಣೆಯೂ ಅಲ್ಲಾಡದಿದ್ದರೆ ಮುಖದ ನರದ ತೊಂದರೆ. ಹಣೆ ಸುಕ್ಕಾಗಿ ಬಾಯಿ ಮಾತ್ರ ಸೊಟ್ಟಗಿದ್ದರೆ, ಅಥವಾ ಕೈಕಾಲು ಬಲ ಕಡಿಮೆಯಾಗಿದ್ದರೆ, ಮಾತು ತೊದಲಿದರೆ ಅದು ಮಿದುಳಿನ ಪಾರ್ಶ್ವವಾಯು, ಒಂದು ನಿಮಿಷವೂ ಕಾಯಬೇಡಿ. ಅನುಮಾನವಿದ್ದರೂ ಆಸ್ಪತ್ರೆಗೇ ಹೋಗಿ.

ನರದ ಲಕ್ವಕ್ಕೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) 72 ಗಂಟೆಯೊಳಗೆ ಶುರುವಾಗಬೇಕು. ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 50 ಮಿಗ್ರಾಂ, 10 ದಿನ ಬರೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು. ನಮ್ಮ ಕಡೆ ಬಹಳ ಜನ ಎಣ್ಣೆ ಹಚ್ಚಿಸಲು, ನಾಟಿ ಔಷಧಕ್ಕೆ ಊರೂರು ಅಲೆದು ಈ ಮೂರು ದಿನ ಕಳೆದುಕೊಳ್ಳುತ್ತಾರೆ. ಅದನ್ನು ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ ಮಾತ್ರೆ ಅಗ್ಗ, ತಾಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು.

ಅದಕ್ಕಿಂತ ಮುಖ್ಯ ಕಣ್ಣು. ರೆಪ್ಪೆ ಮುಚ್ಚದೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗಿ ಹುಣ್ಣಾದರೆ ದೃಷ್ಟಿಗೇ ಕುತ್ತು. ಹಗಲು ಕಾರ್ಬಾಕ್ಸಿಮಿಥೈಲ್‌ಸೆಲ್ಯುಲೋಸ್ 0.5% ಹನಿ ಒಂದೆರಡು ಗಂಟೆಗೊಮ್ಮೆ, ರಾತ್ರಿ ಕಣ್ಣಿನ ಮುಲಾಮು. ಮಲಗುವಾಗ ಬೆರಳಿನ ಹಿಂಬದಿಯಿಂದ ಮೇಲ್ರೆಪ್ಪೆಯನ್ನು ಮೆಲ್ಲಗೆ ಕೆಳಗಿಳಿಸಿ, ಕಣ್ಣು ಪೂರ್ತಿ ಮುಚ್ಚಿದೆ ಅಂತ ನೋಡಿಕೊಂಡ ಮೇಲೇ ಮೈಕ್ರೋಪೋರ್ ಟೇಪ್ ಅಡ್ಡಕ್ಕೆ ಅಂಟಿಸಬೇಕು. ಅರೆ ತೆರೆದ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟಿದರೆ ಹತ್ತಿಯೇ ಕಾರ್ನಿಯಾವನ್ನು ಗೀರುತ್ತದೆ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ತಡೆಯಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರು.

ಬಲೂನು ಊದಿಸುವುದು, ಚೂಯಿಂಗ್ ಗಮ್ ಅಗಿಸುವುದು ಬೇಡ. ಜೋರು ವ್ಯಾಯಾಮದಿಂದ ನರದ ಎಳೆಗಳು ತಪ್ಪು ಸ್ನಾಯುಗಳನ್ನು ಒಟ್ಟೊಟ್ಟಿಗೆ ಎಳೆಯುವ ಅಭ್ಯಾಸ ಗಟ್ಟಿಯಾಗುತ್ತದೆ, ನಕ್ಕರೆ ಕಣ್ಣು ಮುಚ್ಚಿಕೊಳ್ಳುವ ಹಾಗೆ. ಕನ್ನಡಿ ಮುಂದೆ ನಿಧಾನವಾಗಿ, ಒಂದು ಸಲಕ್ಕೆ ಒಂದೇ ಚಲನೆ.

ಪಥ್ಯಾಹಾರ_ಮೈಸೂರು

ಪಥ್ಯಕ್ಕೆ ಆಧಾರ ಇದೆ, ಅದು ಮುಖ್ಯವಾಗಿ ಬ್ರಿಟನ್ನಿನ ವೈದ್ಯರ ಕೆಲಸ. ದಾಲ್ಚಿನ್ನಿ ಮತ್ತು ಬೆಂಜೋಯೇಟ್ (ಆಹಾರ ಕೆಡದಂತೆ ಹಾಕುವ ರಾಸಾಯನಿಕ) ಎರಡನ್ನೂ ಪೂರ್ತಿ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸುಧಾರಣೆ ಕಂಡಿದೆ. ಇದು ಎಲ್ಲರಿಗೂ ಒಗ್ಗುವ ಮದ್ದಲ್ಲ, ಹಾಗಂತ ಪ್ರಯತ್ನಿಸಿ ನೋಡುವುದಕ್ಕೆ ಖರ್ಚೂ ಇಲ್ಲ. ಅವಧಿ 12 ವಾರ. ಎರಡು ವಾರ ಮಾಡಿ "ಆಗಲಿಲ್ಲ" ಅಂದರೆ ಲೆಕ್ಕಕ್ಕಿಲ್ಲ, ಏಕೆಂದರೆ ಅಂಗಾಂಶದೊಳಗೆ ಕೂತ ಊತ ಇಳಿಯಲು ಸಮಯ ಬೇಕು.

ನಮ್ಮ ಅಡುಗೆಯಲ್ಲಿ ಚಕ್ಕೆ ಅಡಗಿರುವ ಜಾಗಗಳು: ಬಿಸಿಬೇಳೆಬಾತ್ ಪುಡಿ, ವಾಂಗಿಬಾತ್ ಪುಡಿ, ಗರಂ ಮಸಾಲ, ಪಲಾವ್, ಬಿರಿಯಾನಿ, ಸಾಗು, ಮಸಾಲೆ ಟೀ, ಮಾಂಸದ ಸಾರಿನ ಮಸಾಲೆ. ಹುಳಿ ಪುಡಿಗೂ ಕೆಲವು ಮನೆಗಳಲ್ಲಿ ಚಕ್ಕೆ ಹಾಕುತ್ತಾರೆ, ಅಂಗಡಿಯದ್ದಾದರೆ ಪೊಟ್ಟಣ ಓದಿ. ಪಲಾವ್ ಎಲೆ ಕೂಡ ದಾಲ್ಚಿನ್ನಿ ಕುಲದ ಮರದ್ದೇ, ಅದನ್ನೂ ಬಿಡಿ. ಲವಂಗವನ್ನೂ ಈ ಅವಧಿಯಲ್ಲಿ ದೂರವಿಡಿ. ಮನೆಯಲ್ಲಿ ಚಕ್ಕೆ-ಲವಂಗ ಬಿಟ್ಟು ಧನಿಯಾ, ಜೀರಿಗೆ, ಮೆಂತ್ಯ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ ಹಾಕಿ ಪುಡಿ ಮಾಡಿಟ್ಟುಕೊಂಡರೆ ದಿನದ ಸಾರು, ಹುಳಿ, ಪಲ್ಯ ಯಾವುದೂ ನಿಲ್ಲುವುದಿಲ್ಲ. ಮನೆಮಂದಿಗೆಲ್ಲ ಅದೇ ಅಡುಗೆ ಮಾಡಿ, ಅವಳೊಬ್ಬಳಿಗೆ ಬೇರೆ ತಟ್ಟೆ ಅಂತ ಆಗುವುದು ಬೇಡ.

ಬೆಂಜೋಯೇಟ್‌ಗೆ ಪೊಟ್ಟಣದ ಹಿಂಬದಿಯಲ್ಲಿ 210, 211, 212, 213 ಸಂಖ್ಯೆಗಳನ್ನು ನೋಡಿ. ಹೆಚ್ಚಾಗಿ ಕಾಣುವುದು 211, ಅಂದರೆ ಸೋಡಿಯಂ ಬೆಂಜೋಯೇಟ್. 214ರಿಂದ 219ರವರೆಗಿನವನ್ನೂ ಬಿಡಿ. "ಕ್ಲಾಸ್ 2 ಪ್ರಿಸರ್ವೇಟಿವ್" ಅಂತಷ್ಟೇ ಬರೆದು ಸಂಖ್ಯೆ ಕೊಡದಿದ್ದರೆ ಅದನ್ನು ಕೊಳ್ಳಲೇಬೇಡಿ. ಬಾಟಲಿ ಉಪ್ಪಿನಕಾಯಿ, ಟೊಮೇಟೊ ಸಾಸ್, ಸ್ಕ್ವಾಷ್, ತಂಪು ಪಾನೀಯ, ಜಾಮ್, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಹುಣಸೆ ಪೇಸ್ಟ್‌ಗಳಲ್ಲಿ ಇದು ಸಾಮಾನ್ಯ. 202 ಬೇರೆ ವಸ್ತು, ಅದಕ್ಕೆ ಹೆದರಬೇಡಿ.

ಪಥ್ಯ ಸೋಲುವುದು ಹೆಚ್ಚಾಗಿ ಅಡುಗೆಮನೆಯ ಹೊರಗೆ. ಕೆಮ್ಮಿನ ಸಿರಪ್, ಆಂಟಾಸಿಡ್ ಸಿರಪ್, ಮೌತ್‌ವಾಶ್, ಬಾಯಿಹುಣ್ಣಿನ ಜೆಲ್‌ಗಳಲ್ಲಿ ಸೋಡಿಯಂ ಬೆಂಜೋಯೇಟ್ ಇರುತ್ತದೆ. ಸಿರಪ್ ಬದಲು ಮಾತ್ರೆ ಕೇಳಿ. ಲವಂಗ, ದಾಲ್ಚಿನ್ನಿ ಹಾಕಿದ ಟೂತ್‌ಪೇಸ್ಟ್, ಸಿಹಿ ಸುಪಾರಿ, ಬಾಯಿ ಪರಿಮಳದ ಮಿಠಾಯಿ ಎಲ್ಲ ಬಿಡಬೇಕು. ದಿನಕ್ಕೆರಡು ಸಲ ತುಟಿಗೇ ತಾಗುವುದು ಟೂತ್‌ಪೇಸ್ಟ್, ಅದನ್ನೇ ಜನ ಮರೆಯುವುದು.

ವಾರಕ್ಕೊಂದು ಫೋಟೊ ತೆಗೆದಿಡಿ: ಬೆಳಗ್ಗೆ, ಅದೇ ಕಿಟಕಿಯ ಬೆಳಕಲ್ಲಿ, ಅದೇ ದೂರದಿಂದ, ಎದುರಿಂದ ಒಂದು, ಪಕ್ಕದಿಂದ ಒಂದು. ದಿನಾ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ. 12 ವಾರದ ಮೇಲೆ ಗುಣ ಕಂಡರೆ ಒಂದೊಂದನ್ನೇ ವಾಪಸ್ ತನ್ನಿ, ಒಂದಕ್ಕೊಂದರ ನಡುವೆ ವಾರವಾದರೂ ಬಿಡಿ. ಗುಣ ಕಾಣದಿದ್ದರೆ ಪಥ್ಯ ಬಿಟ್ಟುಬಿಡಿ, ಸುಮ್ಮನೆ ಬಾಯಿ ಕಟ್ಟಬೇಡಿ.

ಹೇಮಾವತಿ_ದಡ

ಎಲ್ಲರಿಗೂ ಧನ್ಯವಾದ. ವರದಿಯಲ್ಲಿ ಸ್ಟೇನ್ ಬಗ್ಗೆ ಒಂದಕ್ಷರ ಇಲ್ಲ, ಲ್ಯಾಬಿಗೆ ಕೇಳ್ತೀನಿ. ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿ. ಅಮ್ಮನಿಗೆ ಅವಳ ಮದುವೆಯದೇ ಚಿಂತೆ, ಇದು ಅಂಟುತ್ತಾ, ಮಕ್ಕಳಿಗೆ ಬರುತ್ತಾ ಅಂತ ಕೇಳ್ತಾ ಇರ್ತಾರೆ.

ಚರ್ಮವೈದ್ಯ_ಮಂಗಳೂರು

ಅಂಟುವುದಿಲ್ಲ. ಒಂದೇ ತಟ್ಟೆ, ಲೋಟ, ಮುತ್ತು, ಯಾವುದರಿಂದಲೂ ಅಲ್ಲ. ಒಂದೇ ಮನೆತನದಲ್ಲಿ ಕೆಲವರಿಗೆ ಬಂದ ಉದಾಹರಣೆಗಳಿದ್ದರೂ, ಬಹುಪಾಲು ರೋಗಿಗಳ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಅಮ್ಮನಿಗೆ ಧೈರ್ಯವಾಗಿ ಹೇಳಿ.

ಇಂಜೆಕ್ಷನ್‌ಗೆ ಒಪ್ಪಬಹುದು, ಕ್ಷಯ ಇಲ್ಲ ಅಂತ ಖಚಿತವಾದ ಮೇಲೆ ತಡಮಾಡದಿರುವುದೇ ಒಳ್ಳೆಯದು. ಊತ ಬಂದು ಹೋಗುವ ಹಂತದಲ್ಲಿ ಔಷಧಿ ಚೆನ್ನಾಗಿ ಹಿಡಿಯುತ್ತದೆ. ತುಟಿಯೊಳಗೆ ನಾರು ಕಟ್ಟಿದ ಮೇಲೆ ಹಿಡಿಯುವುದು ಕಷ್ಟ. ಕೊಡುವುದು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್, ಮಿಲೀಗೆ 10 ಮಿಗ್ರಾಂನದ್ದು ಅಥವಾ 40 ಮಿಗ್ರಾಂನದ್ದು. 40ರದ್ದಾದರೆ ಒಂದೊಂದು ಜಾಗಕ್ಕೆ 0.1 ಮಿಲೀಯಷ್ಟೇ, ತುಟಿಯ ಉದ್ದಕ್ಕೂ ಕೆಲವು ಕಡೆ. ಮರವಾಗಿಸುವ ಮದ್ದನ್ನು ತುಟಿಗೇ ಚುಚ್ಚದೆ, ಮೇಲ್ದುಟಿಗಾದರೆ ಇನ್‌ಫ್ರಾಆರ್ಬಿಟಲ್ ನರಕ್ಕೆ (ಕಣ್ಣಿನ ಕೆಳಗಿನದು) ಬ್ಲಾಕ್, ಅಂದರೆ ಮರವಾಗಿಸುವ ಇಂಜೆಕ್ಷನ್, ಕೊಡಿ ಅಂತ ಕೇಳಿ. ತುಟಿ ಬಹಳ ನೋಯುವ ಜಾಗ, ಜೊತೆಗೆ ಅಲ್ಲೇ ಮದ್ದು ತುಂಬಿದರೆ ತುಟಿ ಇನ್ನೂ ಉಬ್ಬಿ ಸೂಜಿ ಎಲ್ಲಿಗೆ ಹೋಗಬೇಕು ಅಂತ ತಿಳಿಯುವುದಿಲ್ಲ. ಚರ್ಮದ ಹತ್ತಿರವೇ ಚುಚ್ಚಿದರೆ ಬಿಳಿ ಕಲೆ, ಚರ್ಮ ತೆಳ್ಳಗಾಗುವುದು ಆಗುತ್ತದೆ, ಆಳಕ್ಕೆ ಕೊಡಬೇಕು. ಕೆಲವು ವಾರಕ್ಕೊಮ್ಮೆ ಮತ್ತೆ ಕೊಡಬೇಕಾಗಬಹುದು. ಇಳಿದ ಊತ ತಿಂಗಳುಗಳ ಮೇಲೆ ತಿರುಗಿ ಬರುವುದೂ ಇದೆ, ಅದರರ್ಥ ಚಿಕಿತ್ಸೆ ತಪ್ಪಾಗಿತ್ತು ಅಂತಲ್ಲ.

ಇಂಜೆಕ್ಷನ್ ಜೊತೆ ಉರಿಯೂತ ಇಳಿಸುವ ಟ್ಯಾಕ್ರೊಲಿಮಸ್ 0.1% ಮುಲಾಮು ತೆಳ್ಳಗೆ ದಿನಕ್ಕೆರಡು ಸಲ. ಮೊದಲ ವಾರ ಉರಿಯುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಗಟ್ಟಿಯಾದ ತುಟಿಗೆ ಬರೀ ಮುಲಾಮು ಸಾಲದು.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರೆಗಳು. ಮಿನೊಸೈಕ್ಲಿನ್ 100 ಮಿಗ್ರಾಂ ಒಂದು ದಾರಿ. ಕ್ಲೋಫಜಿಮಿನ್ ಇನ್ನೊಂದು. ಕುಷ್ಠಕ್ಕೆ ಕೊಡುವ ಔಷಧಿ ಅದು, ಉರಿಯೂತ ಇಳಿಸುವ ಗುಣಕ್ಕಾಗಿ ಇಲ್ಲಿ ಬಳಸುತ್ತಾರೆ. ಔಷಧದ ಅಂಗಡಿಯವರ ಮುಖ ನೋಡಿ ಗಾಬರಿಯಾಗಬೇಡಿ. ಊಟದ ಜೊತೆ ತೆಗೆದುಕೊಳ್ಳಬೇಕು. ಚರ್ಮ ಕೆಂಗಂದಾಗುತ್ತದೆ, ಒಣಗುತ್ತದೆ, ಮೂತ್ರದ ಬಣ್ಣವೂ ಬದಲಾಗುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಬಣ್ಣ ಹೋಗಲು ತಿಂಗಳುಗಳೇ ಹಿಡಿಯುತ್ತವೆ. ಮದುವೆ ಮಾತುಕತೆ ನಡೆಯುತ್ತಿದ್ದರೆ ಇದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಡ್ಯಾಪ್ಸೋನ್ ಬರೆದರೆ ಮುಂಚೆ ಜಿ6ಪಿಡಿ ಪರೀಕ್ಷೆ ಆಗಲೇಬೇಕು, ಆ ಕಿಣ್ವ ಕಡಿಮೆಯಿರುವವರಲ್ಲಿ ರಕ್ತಕಣ ಒಡೆಯುತ್ತದೆ. ಮೆಥೊಟ್ರೆಕ್ಸೇಟ್, ಥಾಲಿಡೊಮೈಡ್ ಎರಡೂ ಗರ್ಭದ ಮಗುವಿಗೆ ಅಪಾಯಕಾರಿ. ಮಿನೊಸೈಕ್ಲಿನ್ ಕೂಡ ಬಸಿರಿನಲ್ಲಿ ಸಲ್ಲದು. ಅಡಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚುಚ್ಚುಮದ್ದುಗಳು) ಕೊನೆಯ ಸಾಲಿನವು. 2014ರಿಂದ ನಮ್ಮಲ್ಲೇ ತಯಾರಾದ ಅಡಲಿಮುಮ್ಯಾಬ್ ಸಿಗುತ್ತದೆ, ಆದರೂ ದುಬಾರಿಯೇ. ಸುಪ್ತ ಕ್ಷಯ ಇಲ್ಲ ಅಂತ ನೋಡದೆ ಇವನ್ನು ಶುರು ಮಾಡಬಾರದು.

ಆಪರೇಷನ್ ಮಾಡಿ ತುಟಿ ಸಣ್ಣದು ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಕಾಯಿಲೆ ಚುರುಕಾಗಿರುವಾಗ ಕೊಯ್ದರೆ ಮತ್ತೆ ಊದುತ್ತದೆ. ಹಲವು ತಿಂಗಳು ಊತ ಏರಿಳಿಯದೆ ನಿಂತ ಮೇಲೆ ಮಾತ್ರ ಆ ಯೋಚನೆ.

ಈ ಮಧ್ಯೆ ದಿನದ ಆರೈಕೆ: ಬಣ್ಣ-ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು, ಪರಿಮಳದ ಲಿಪ್ ಬಾಮ್ ಬೇಡ. ತುಟಿ ನೆಕ್ಕುವುದು ಬಿಡಲಿ. ಬಾಯಿಯ ಮೂಲೆ ಬಿರಿದು ಬೆಳ್ಳಗಾದರೆ ಹೆಚ್ಚಾಗಿ ಅದು ಶಿಲೀಂಧ್ರದ ಸೋಂಕು, ಕ್ಲೋಟ್ರಿಮಜೋಲ್ ಕ್ರೀಮಿಗೆ ವಾಸಿಯಾಗುತ್ತದೆ. ನಡುತುಟಿ ಸೀಳಿದರೆ ತೋರಿಸಿ, ಬ್ಯಾಕ್ಟೀರಿಯಾ ಸೇರಿರಬಹುದು. ನಾಲಗೆಯ ಬಿರುಕಲ್ಲಿ ಅನ್ನದ ಅಗುಳು ಕೂತು ಉರಿಯುತ್ತದೆ, ಊಟವಾದ ಮೇಲೆ ಮೆತ್ತನೆ ಬ್ರಷ್ಷಿನಿಂದ ತಿಕ್ಕಿ ನೀರು ಮುಕ್ಕಳಿಸಲಿ. ಲೋಹದ ನಾಲಗೆ ಕಡ್ಡಿಯಿಂದ ಜೋರಾಗಿ ಕೆರೆಯಬಾರದು.

ಹೇಮಾವತಿ_ದಡ

ಸೋಮವಾರ ಬ್ಲಾಕ್ ತರಿಸಿಕೊಂಡು ಸ್ಟೇನ್ ಮಾಡಿಸ್ತೀವಿ, ಕ್ಯಾಲ್‌ಪ್ರೊಟೆಕ್ಟಿನ್ ಅದೇ ವಾರ. ವರದಿ ಬಂದ ಮೇಲೆ ಇಂಜೆಕ್ಷನ್ ದಿನಾಂಕ ಕೇಳ್ತೀವಿ. ಟೂತ್‌ಪೇಸ್ಟ್ ನೋಡಿದೆ, ಲವಂಗದ್ದೇ ಇತ್ತು. ಬದಲಾಯಿಸಿದ್ದೀವಿ.

ದಂತವೈದ್ಯೆ_ದಾವಣಗೆರೆ

ಒಳ್ಳೆಯದು. ಒಂದೇ ಮಾತು, ಬ್ಲಾಕ್ ಜೊತೆ ಹಳೇ ಸ್ಲೈಡನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಎರಡನೇ ರೋಗಶಾಸ್ತ್ರಜ್ಞರಿಗೆ ತೋರಿಸಲು ಬೇಕಾಗುತ್ತದೆ. ಲಕ್ವ ಬಂದಾಗಿನ ಚೀಟಿ ಸಿಕ್ಕರೆ ಅದನ್ನೂ ಅದೇ ಫೈಲಿಗೆ ಸೇರಿಸಿ.