ಸಹಾಯ ಬೇಕು: ಉಬುಂಟು 26.04 ಹಾಕುವ ಮುಂಚೆ ಕನ್ನಡ ಟೈಪಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. 2026ರ ಏಪ್ರಿಲ್‌ನಲ್ಲಿ ಬರುವ ಉಬುಂಟು 26.04ಕ್ಕೆ (ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ) ಈಗಿಂದಲೇ ಕಾಯುತ್ತಾ ಕೂತಿದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ನಮ್ಮಂಥವರಿಗೆ ಇದೇ ಹಬ್ಬ, ಅಲ್ವಾ?

ಮನೆಯ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 10. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾರಣ ವಿಂಡೋಸ್ 11 ಒಪ್ಪುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಸುಮ್ನೆ ಗುಜರಿಗೆ ಹಾಕೋಕೆ ಮನಸ್ಸಿಲ್ಲ.

ತೊಡಕು ಅಪ್ಪನ ಟೈಪಿಂಗ್‌ನದು. ಅವರ ಕೈ ಪಳಗಿರುವುದು ನುಡಿ ತಂತ್ರಾಂಶದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸಕ್ಕೆ. ಒತ್ತಕ್ಷರ ಬೇಕೆಂದರೆ ಬೆರಳು ತಾನಾಗಿಯೇ ಎಫ್ ಕೀಲಿಗೆ ಹೋಗುತ್ತದೆ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು ಸೇರಿಸಿದರೆ ಲಿನಕ್ಸ್‌ನಲ್ಲೂ ಕೆಜಿಪಿ ಸಿಗುತ್ತದೆ, ಅದು ಗೊತ್ತು. ಆದರೆ ಇದರ ಹಿಂದಿನ ಆವೃತ್ತಿ ಉಬುಂಟು 25.10ರಲ್ಲೇ ಗ್ನೋಮ್ ಡೆಸ್ಕ್‌ಟಾಪ್‌ನ ಎಕ್ಸ್11 ಸೆಷನ್ (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೇ ವ್ಯವಸ್ಥೆ) ತೆಗೆದಿದ್ದಾರೆ, ಈಗ ಅದರ ಜಾಗದ ಹೊಸ ವ್ಯವಸ್ಥೆ ವೇಲ್ಯಾಂಡ್ ಮಾತ್ರ. ಅದರಲ್ಲಿ ಲಿಬ್ರೆ ಆಫೀಸ್ ತೆರೆದು ಯಾರಾದರೂ ಕೆಜಿಪಿಯಲ್ಲಿ ಪುಟಗಟ್ಟಲೆ ಟೈಪ್ ಮಾಡಿದ್ದೀರಾ? ಅಕ್ಷರ ನುಂಗುತ್ತದೆಯೇ, ತಡವಾಗುತ್ತದೆಯೇ?

ಇನ್ನೊಂದು, ಅಪ್ಪನ ಹಳೇ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ನುಡಿ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಜಾಗದಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು! ಇವನ್ನು ನೆಟ್ ಇಲ್ಲದೆ, ಒಂದೇ ಸಲಕ್ಕೆ ಯೂನಿಕೋಡ್‌ಗೆ ಬದಲಿಸುವ ಟೂಲ್ ಯಾವುದು ಚೆನ್ನಾಗಿದೆ? ಒಂದೊಂದೇ ಪುಟ ಕಾಪಿ-ಪೇಸ್ಟ್ ಮಾಡು ಅನ್ನಬೇಡಿ, ಫೈಲು ಜಾಸ್ತಿ ಇವೆ.

ಮೈಸೂರಿನಲ್ಲಿ ಯಾರಾದರೂ 25.10 ಬಳಸುತ್ತಿದ್ದರೆ ತಿಳಿಸಿ. ಭಾನುವಾರ ಅಪ್ಪನನ್ನೇ ಕರೆದುಕೊಂಡು ಬರುತ್ತೇನೆ, ಅವರೇ ಟೈಪ್ ಮಾಡಿ ನೋಡಲಿ.